ಆಯಿಶಮ್ಮನ ಕತ್ತಿಗೊಂದು ಹಿಡಿ

ರಾಮಲಿಂಗ ಉಡುಪಿ ಸೀಮೆಗೆ ಬಂದ ಮೊದಲ ವಾರವೇ ಮರ್ಯಾದೆ ಕಳೆದುಕೊಂಡವನು. ಶಿರ್ವದಲ್ಲೊಂದು ದೊಡ್ಡ ಮನೆಯ ಕೆಲಸ ನಡೆದಿತ್ತು. ಮೇಸ್ತ್ರಿ "ಒಂದು ಕತ್ತಿ ತೆಗೆದುಕೊಂಡು ಬಾ" ಎಂದ. ಇಳಕಲ್ ಕಡೆಯ ರಾಮಲಿಂಗನ ಮಾತಿನಲ್ಲಿ ಕತ್ತಿ ಎಂದರೆ ಕತ್ತೆ. ಇಟ್ಟಿಗೆ ಹೊರಿಸಲಿಕ್ಕಿರಬೇಕು ಅಂದುಕೊಂಡ ಅವನು ರಸ್ತೆಗೆ ಹೋಗಿ, ಎರಡೂ ಕಡೆ ನೋಡಿ ಬಂದು, "ಈ ಊರಾಗ ಒಂದೂ ಕಾಣ್ಲಿಲ್ರಿ" ಎಂದುಬಿಟ್ಟ. ಕೆಲಸದವರು ಸಾಯಂಕಾಲದವರೆಗೆ ಹೊಟ್ಟೆ ಹಿಡಿದುಕೊಂಡು ನಕ್ಕರು.

ಅಂದಿನಿಂದ ಅವನದೊಂದು ಹಟ. ಇನ್ನು ಯಾರ ಹತ್ತಿರವೂ ಮಾತಿನ ಅರ್ಥ ಕೇಳುವುದಿಲ್ಲ, ಊಹಿಸಿಕೊಂಡು ಹೋದರಾಯಿತು. ಹೆಂಡತಿ ದ್ರಾಕ್ಷಾಯಿಣಿ ಉದ್ಯಾವರದ ಬಾಡಿಗೆ ಕೋಣೆಯಲ್ಲಿ ರೊಟ್ಟಿ ಬಡಿಯುತ್ತ, "ಕೇಳಿದ್ರ ನಾಲಿಗಿ ಸವೀತೈತೇನು?" ಎಂದು ಚುಚ್ಚುತ್ತಿದ್ದಳು. ಸವೆಯುತ್ತಿರಲಿಲ್ಲ, ಆದರೆ ಸೊಕ್ಕು ಬಿಡಬೇಕಲ್ಲ! ಮರಗೆಲಸದಲ್ಲಂತೂ ಅವನ ಬಗ್ಗೆ ಎರಡು ಮಾತಿಲ್ಲ. ಅವನು ಪಾಲಿಶ್ ಮಾಡಿದ ಬಾಗಿಲಿನಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದಿತ್ತು.

2003ರ ಬೇಸಿಗೆಯಲ್ಲಿ ಕಾಪುವಿನ ಆಯಿಶಮ್ಮನ ಮನೆಗೆ ಬಂದದ್ದೂ ಬಾಗಿಲಿನ ಕೆಲಸಕ್ಕೇ. ಮಗ ಶಮೀರ್ ದುಬೈಯಲ್ಲಿ. ಮನೆಯಲ್ಲಿ ಆಯಿಶಮ್ಮ ಮತ್ತು ಸೊಸೆ ಉಮೈರಾ. ಒಂದು ಬೆಳಗ್ಗೆ ಆಯಿಶಮ್ಮ ಸೊಸೆಯ ಕಣ್ಣು ತಪ್ಪಿಸಿ ಅಂಗಳಕ್ಕೆ ಬಂದು, ಸೆರಗಿನ ಮರೆಯಿಂದ ಮೀನು ಕೊಯ್ಯುವ ಕತ್ತಿಯೊಂದನ್ನು ತೆಗೆದರು. ಹಿರಿಯಡ್ಕದ ದೂಮಪ್ಪ ಆಚಾರಿ ಕುಲುಮೆಯಲ್ಲಿ ಬಡಿದು ಮಾಡಿದ ಅಲಗು, ಇನ್ನೂ ಹರಿತ ಬಿಟ್ಟಿರಲಿಲ್ಲ. ಮರದ ಹಿಡಿ ಮಾತ್ರ ಉದ್ದಕ್ಕೆ ಸೀಳಿತ್ತು.

"ಇದಕ್ಕೊಂದು ಹಿಡಿ ಹಾಕಿ ಕೊಡು ಮಾರಾಯ. ಸಪೂರ ಬೇಡ, ಆಯ್ತಾ?"

"ಆತ್ರಿ ಅಮ್ಮಾ."

ಸಪೂರ ಎಂದರೆ ತೆಳ್ಳಗಿನದು ಎಂದು ಕಾಪುವಿನಲ್ಲಿ ಮಗುವಿಗೂ ಗೊತ್ತು. ರಾಮಲಿಂಗ ಮಾತ್ರ ಅದನ್ನು ತನ್ನೂರಿನ 'ಸಪಾಟ' ಎಂದುಕೊಂಡ. ಈ ಕಡೆಯವರು ಎಲ್ಲ ಮಾತನ್ನೂ ಒಂದಿಷ್ಟು ತಿರುಚಿ ಆಡುತ್ತಾರೆ ಎಂಬುದು ಅವನ ನಂಬಿಕೆ. ಸಪಾಟ ಬೇಡ ಅಂದರೆ ನುಣುಪು ಬೇಡ. ಪಾಲಿಶ್‌ನವನಿಗೆ ನುಣುಪು ಬೇಡ ಅನ್ನುವುದೇ! ಸಂಕಟವಾಯಿತು, ಆದರೂ ಹಟ ಬಿಡಲಿಲ್ಲ. ಹುಣಸೆ ಮರದ ತುಂಡೊಂದನ್ನು ಉಳಿಯಿಂದ ಕೆತ್ತಿ, ಹಳೆಯ ಹಿಡಿಯ ಹಾಗೇ ತೆಳ್ಳಗೆ ಮಾಡಿದ. ಅರದಿಂದ ಉಜ್ಜಿದ ಗೀರುಗಳನ್ನು ಹಾಗೇ ಬಿಟ್ಟ. ಅಲಗಿನ ಹಿಂಬದಿಯ ಮೊನೆಯನ್ನು ಕೆಂಪಗೆ ಕಾಯಿಸಿ ಮರದೊಳಕ್ಕೆ ಇಳಿಸಿ, ಹಿಡಿಯ ಬಾಯಿಗೆ ಹಿತ್ತಾಳೆಯ ಬಳೆ ತೊಡಿಸಿ ಕೊಟ್ಟ.

ಆಯಿಶಮ್ಮ ಬಾವಿಕಟ್ಟೆಯ ಬಳಿ ಬಂಗುಡೆ ಮೀನಿನ ಬೋಗುಣಿ ಇಟ್ಟುಕೊಂಡು ಕೂತರು. ಕತ್ತಿ ಹಿಡಿದರು. ಹೆಬ್ಬೆರಳು ಒಂದು ಕಡೆ, ಉಳಿದ ಬೆರಳು ಇನ್ನೊಂದು ಕಡೆ. ನಡುವಿನ ಹಿಡಿ ಸಡಿಲವಾಗಿ ತಿರುಗಿತು. ಕತ್ತಿ ಬೋಗುಣಿಗೆ ಬಿತ್ತು, ಬಂಗುಡೆಯೊಂದು ಅಂಗಳಕ್ಕೆ ಹಾರಿತು, ಬೆಕ್ಕು ಅದನ್ನು ಕಚ್ಚಿಕೊಂಡು ಓಡಿತು. ಸದ್ದಿಗೆ ಉಮೈರಾ ಹೊರಗೆ ಬಂದಳು.

"ಉಮ್ಮಾ, ಬೇಡ ಅಂತ ಎಷ್ಟು ಸಲ ಹೇಳುವುದು? ಕೈ ಕೊಯ್ದುಕೊಂಡರೆ ದುಬೈಯಲ್ಲಿರುವ ಅವರಿಗೆ ನಾನು ಎಂತ ಹೇಳಲಿ?"

ಆಯಿಶಮ್ಮನ ಸಿಟ್ಟು ರಾಮಲಿಂಗನ ಮೇಲೆ ಬಿತ್ತು. "ಸಪೂರ ಬೇಡ ಅಂತ ಹೇಳಿದ್ದೆ ಅಲ್ವಾ? ಇದೆಂತ ಹಿಡಿಯಾ, ಬೀಡಿಯಾ?"

"ಸಪಾಟ ಮಾಡೇ ಇಲ್ಲಲ್ರಿ ಅಮ್ಮಾ! ಮುಟ್ಟಿ ನೋಡ್ರಿ, ಎಷ್ಟು ಒರಟ ಐತಿ."

ಅತ್ತೆ ಸೊಸೆ ಇಬ್ಬರೂ ಅವನನ್ನೇ ನೋಡಿದರು. ಬೆವರು ಒರೆಸಿಕೊಂಡು ಅವನು ಕೊನೆಗೂ ಬಾಯಿ ಬಿಟ್ಟ. "ಸಪೂರ ಅಂದ್ರ ಏನ್ರಿ?"

ಉಮೈರಾ ಕಿರುಬೆರಳು ಎತ್ತಿ ತೋರಿಸಿದಳು. ಆಮೇಲೆ ತಡೆಯಲಾಗದೆ ನಕ್ಕಳು.

ಆಯಿಶಮ್ಮ ನಗಲಿಲ್ಲ. ಬಲಗೈಯನ್ನು ಅವನ ಮುಂದೆ ಚಾಚಿದರು. ಕಳೆದ ಮಳೆಗಾಲದಲ್ಲಿ ಇದೇ ಕಟ್ಟೆಯ ಮೇಲೆ ಜಾರಿ ಮಣಿಕಟ್ಟು ಮುರಿದಿತ್ತು. ಪ್ಲಾಸ್ಟರ್ ತೆಗೆದರೂ ಬೆರಳುಗಳು ಪೂರ್ತಿ ಮಡಚುತ್ತಿರಲಿಲ್ಲ.

"ಅವತ್ತಿನಿಂದ ಮೀನು ಮುಟ್ಟಲಿಲ್ಲ. ಈ ಮನೆಯಲ್ಲಿ ನಾನೀಗ ನೆಂಟರ ಹಾಗೆ ಮಾರಾಯ. ಕೂತಲ್ಲಿಗೆ ಚಾ ಬರ್ತದೆ," ಎಂದರು. ಕಣ್ಣು ತುಂಬಿತ್ತು.

ರಾಮಲಿಂಗ ಬೋಗುಣಿಯಿಂದ ಕತ್ತಿ ಎತ್ತಿಕೊಂಡ. "ಇನ್ನೊಂದು ಸಲ ನೋಡೂಣ್ರಿ," ಎಂದು ಉಮೈರಾಳ ಕಡೆ ತಿರುಗಿ ಬೇಡಿಕೊಂಡ.

"ಇದೇ ಕೊನೆ. ಇನ್ನೊಮ್ಮೆ ಜಾರಿದರೆ ಕತ್ತಿ ಅಟ್ಟಕ್ಕೆ," ಎಂದಳು ಅವಳು.

ಅಡುಗೆಮನೆಯಲ್ಲಿ ಅಕ್ಕಿರೊಟ್ಟಿಗೆ ಹಿಟ್ಟು ನಾದಿಟ್ಟಿತ್ತು. ರಾಮಲಿಂಗ ಒಂದು ಮುದ್ದೆ ಕೇಳಿ ಪಡೆದು, ಆಯಿಶಮ್ಮನ ಅಂಗೈಗೆ ಇಟ್ಟ. "ಆದಷ್ಟು ಬಿಗಿ ಹಿಡೀರಿ ಅಮ್ಮಾ." ಅವರು ಹಲ್ಲು ಕಚ್ಚಿ ಹಿಡಿದರು. ಬಿಟ್ಟಾಗ ಮುದ್ದೆಯಲ್ಲಿ ಆ ಕೈಯ ಸಂಕಟವೆಲ್ಲ ಮೂಡಿತ್ತು: ಹೆಬ್ಬೆರಳಿನ ಆಳವಾದ ಗುಳಿ, ಮಡಚದ ಎರಡು ಬೆರಳಿನ ನೇರ ಗೆರೆ, ಅಂಗೈ ತುಂಬುವಷ್ಟು ಉಬ್ಬು.

ಅದನ್ನು ಒಣಗಿಸಿ ಎದುರಿಗಿಟ್ಟುಕೊಂಡು ಹುಣಸೆಯ ದಪ್ಪ ತುಂಡೊಂದಕ್ಕೆ ಉಳಿ ಹಚ್ಚಿದ. ಮಧ್ಯೆ ಮಧ್ಯೆ ಎದ್ದು ಹೋಗಿ, "ಹಿಡೀರಿ... ಇಲ್ಲಿ ಒತ್ತತೈತೇನ್ರಿ? ಇಲ್ಲಿ?" ಎಂದು ಕೇಳಿದ. ಅಷ್ಟು ದಿನ ಕೇಳದ್ದನ್ನೆಲ್ಲ ಅವತ್ತೇ ಕೇಳಿ ಮುಗಿಸಿದ. ಕೊನೆಗೆ ಪಾಲಿಶ್ ಪೇಪರ್ ಕೈಗೆತ್ತಿಕೊಂಡಾಗ ಆಯಿಶಮ್ಮ ತಡೆದರು.

"ಒರಟು ಇರಲಿ, ಒದ್ದೆ ಕೈಗೆ ಜಾರುವುದಿಲ್ಲ. ಅದೊಂದು ನೀನು ಸರಿ ಮಾಡಿದ್ದುಂಟು."

ಹಾಗಾಗಿ ಚೂಪು ಮೂಲೆಗಳನ್ನಷ್ಟೇ ತೀಡಿ, ಅಲಗು ಕೂರಿಸಿ, ತೆಂಗಿನೆಣ್ಣೆ ಸವರಿ, ಬಿಸಿಲಿಗಿಟ್ಟು ಒರೆಸಿ ಕೊಟ್ಟ. ನೋಡಲು ಮುದ್ದಾಗಿರಲಿಲ್ಲ, ಸುವರ್ಣಗೆಡ್ಡೆಯ ತುಂಡಿನಂತಿತ್ತು.

ಮರುದಿನ ಆಯಿಶಮ್ಮ ಮತ್ತೆ ಬೋಗುಣಿಯ ಮುಂದೆ ಕೂತರು. ಉಮೈರಾ ಪಕ್ಕದಲ್ಲೇ ನಿಂತಳು. ಬಂಗುಡೆಯ ತಲೆ ಹೋಯಿತು, ಹೊಟ್ಟೆ ಸೀಳಿತು. ಎರಡನೆಯದು ಇನ್ನೂ ಬೇಗ. ಕತ್ತಿ ಕದಲಲಿಲ್ಲ. ರಾಮಲಿಂಗ ಬಾಗಿಲಿನ ಕೆಲಸ ಅರ್ಧಕ್ಕೆ ಬಿಟ್ಟು ನೋಡುತ್ತ ನಿಂತ. ಇಷ್ಟು ಖುಷಿ ಅವನಿಗೆ ಯಾವ ಬಾಗಿಲೂ ಕೊಟ್ಟಿರಲಿಲ್ಲ.

ಬೋಗುಣಿ ಮುಗಿಯಿತು. ಉಮೈರಾ ಕತ್ತಿಯನ್ನು ತೊಳೆದು, ಅಭ್ಯಾಸಬಲದಿಂದ ಅದರಲ್ಲೇ ನೀರುಳ್ಳಿ ಹೆಚ್ಚಲು ಹೋದಳು. ಹಿಡಿಯನ್ನು ಹೀಗೆ ತಿರುಗಿಸಿದಳು, ಹಾಗೆ ತಿರುಗಿಸಿದಳು. ಅವಳ ಬೆರಳಿಗೆ ಅದರಲ್ಲಿ ಎಲ್ಲಿಯೂ ಜಾಗವಿರಲಿಲ್ಲ.

"ಇದು ನನ್ನ ಕೈಗೆ ಕೂರುವುದೇ ಇಲ್ಲ ಉಮ್ಮಾ."

ಆಯಿಶಮ್ಮ ಕತ್ತಿ ಕಸಿದುಕೊಂಡು ಮೊಣಕೈಯಿಂದ ಸೊಸೆಯನ್ನು ಪಕ್ಕಕ್ಕೆ ದೂಡಿದರು. "ಹಾಗಾದರೆ ನೀನು ಹೋಗಿ ಕೂತುಕೋ. ಆ ನೀರುಳ್ಳಿಯನ್ನೂ ಇಲ್ಲಿ ತಾ."