ತಲೆಯ ಮೇಲಿನ ಬೆಣ್ಣೆ

ತಲೆ ತುರಿಸಿದರೆ ಎಣ್ಣೆ ಹಚ್ಚು ಎಂದು ಯಾರಾದರೂ ಹೇಳಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಮೊನ್ನೆ ಮರಿಮೊಮ್ಮಗಳು ತಲೆ ತುರಿಸುತ್ತಿದೆ, ಎಣ್ಣೆ ಹಚ್ಚಲೇ ಎಂದು ಫೋನಿನಲ್ಲಿ ಬರೆದು ಕೇಳಿದಳು. ಬೇಡ ಎಂದು ಒಂದೇ ಮಾತು ಒತ್ತಿ ಕಳಿಸಿದೆ. ಅವಳು ಯಾಕೆ ಎಂದು ಕೇಳಿದಳು. ಯಾಕೆಂದು ಹೇಳಲು ಈ ಒಂದು ಬೆರಳಿಗೆ ಮೂರು ದಿನ ಹಿಡಿದಿದೆ.

ನಾನು ಒಂಬತ್ತು ವರ್ಷದವಳಿದ್ದಾಗಿನ ಮಾತು. ನೀಲಗಿರಿಯ ನಂಜನಾಡಿನ ಹತ್ತಿರ ನಮ್ಮ ಹಟ್ಟಿ, ಎಂದರೆ ನಮ್ಮ ಊರು. ಹೊಲದಲ್ಲಿ ಆಲೂಗಡ್ಡೆ, ಕೊಟ್ಟಿಗೆಯಲ್ಲಿ ಎಮ್ಮೆ. ಅಪ್ಪ ವಾರದ ಹೆಚ್ಚಿನ ದಿನ ಊಟಿಯಲ್ಲಿ ಗಾಡಿ ಹೊಡೆಯುತ್ತಿದ್ದ. ಮನೆಯಲ್ಲಿ ಇರುತ್ತಿದ್ದವರು ನಾನು, ನನ್ನ ಅವ್ವೆ, ಮತ್ತು ಅಪ್ಪನ ಅಪ್ಪ. ಅವನನ್ನು ನಾವು ಹೆತ್ತಪ್ಪ ಎಂದು ಕರೆಯುತ್ತಿದ್ದೆವು. ಮನೆ ಅಪ್ಪನದಾದರೂ ಮಾತು ಹೆತ್ತಪ್ಪನದು.

ಹಿಮ ಬೀಳುವ ತಿಂಗಳು ಶುರುವಾಯಿತೆಂದರೆ ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳ ತಲೆಗೆ ನೀರು ಬೀಳುತ್ತಿರಲಿಲ್ಲ. ಬೆಳಿಗ್ಗೆ ಎದ್ದರೆ ಹುಲ್ಲೆಲ್ಲ ಉಪ್ಪು ಚೆಲ್ಲಿದ ಹಾಗೆ ಬೆಳ್ಳಗಿರುತ್ತಿತ್ತು. ಆ ಚಳಿಯಲ್ಲಿ ತಲೆ ನೆನೆದರೆ ಜ್ವರ ಎದೆಗಿಳಿಯುತ್ತದೆ ಎಂದು ಅವ್ವೆಗೆ ಪ್ರಾಣಭಯ. ನನ್ನ ಮುಂಚೆ ಹುಟ್ಟಿದ ಒಂದು ಮಗುವನ್ನು ಅವಳು ಅಂಥ ಜ್ವರಕ್ಕೇ ಕಳೆದುಕೊಂಡಿದ್ದಳು. ಆದ್ದರಿಂದ ನಾನು ಅವಳನ್ನು ಬೈಯಲಾರೆ. ಹೆತ್ತಪ್ಪನನ್ನು ಬೈಯಬಲ್ಲೆ.

ಆ ವರ್ಷ ತಲೆಗೆ ನೀರು ಹಾಕುವುದು ನಿಂತ ಹತ್ತನೆಯ ದಿನಕ್ಕೆ ತುರಿಕೆ ಶುರುವಾಯಿತು. ಮೊದಲು ಕಿವಿಯ ಹಿಂದೆ, ಆಮೇಲೆ ನೆತ್ತಿ, ಆಮೇಲೆ ಎಲ್ಲ ಕಡೆ. ಉಗುರಿನಲ್ಲಿ ಕೆರೆದೆ, ಬಾಚಣಿಗೆಯ ಹಿಡಿಯಲ್ಲಿ ಕೆರೆದೆ, ಬಳಪದಲ್ಲಿ ಕೆರೆದು ಎರಡು ಬಳಪ ಮುರಿದೆ. ಕೆರೆದಷ್ಟೂ ಹೊಟ್ಟು ಉದುರಿ ಹೆಗಲ ಮೇಲೆ ಹಿಟ್ಟು ಜರಡಿ ಹಿಡಿದ ಹಾಗೆ ಕಾಣುತ್ತಿತ್ತು. ಅವ್ವೆ ಹೇನು ಹುಡುಕಿದಳು. ಒಂದೂ ಸಿಗಲಿಲ್ಲ. ಸಿಕ್ಕಿದ್ದರೆ ಚೆನ್ನಾಗಿತ್ತು, ಹೇನನ್ನಾದರೂ ಕುಕ್ಕಬಹುದು.

ಅಪ್ಪ ಊಟಿಯ ಸಂತೆಯಿಂದ ಒಂದು ಸಣ್ಣ ಸೀಸೆ ನೀಲಗಿರಿ ತೈಲ ತಂದ. ಅವ್ವೆ ಅದನ್ನು ಹಾಗೇ ನೆತ್ತಿಗೆ ಸುರಿದಳು. ನಾನು ಅಂಗಳದಲ್ಲಿ ಸುತ್ತು ಹೊಡೆದ ರೀತಿ ನೋಡಿ ಪಕ್ಕದ ಮನೆಯವರು ಹಾವು ಕಚ್ಚಿತೆಂದು ಓಡಿ ಬಂದರು.

"ಒಣಗಿಹೋಗ್ಯಾದೆ ಮಂಡೆ," ಎಂದ ಹೆತ್ತಪ್ಪ. "ಚಳಿಗೆ ಒಡೆದಾದೆ. ಬೆಣ್ಣೆ ಇಡಿ. ನನ್ನ ಬೆಣ್ಣೆಗೆ ಬಗ್ಗದ ಬ್ಯಾನೆ ಇನ್ನೂ ಹುಟ್ಟಿಲ್ಲ."

ನಮ್ಮಲ್ಲಿ ಹಾಲು ಮಜ್ಜಿಗೆ ಇಡುವ ಒಳಕೋಣೆಗೆ ಹಾಗೊಟ್ಟು ಎನ್ನುತ್ತಾರೆ. ಅದರೊಳಗೆ ಹೆಂಗಸರು ಕಾಲಿಡುವ ಹಾಗಿಲ್ಲ. ಹಾಲು ಕರೆಯುವವರು, ಮೊಸರು ಕಡೆಯುವವರು, ಎತ್ತಿಡುವವರು ಎಲ್ಲ ಗಂಡಸರು. ಅವ್ವೆ ಹೊಸ್ತಿಲಾಚೆ ನಿಂತು ಕೇಳಬೇಕು, ಹೆತ್ತಪ್ಪ ಎಲೆಯಲ್ಲಿ ಬೆಣ್ಣೆ ತಂದು ಕೆಳಗಿಡಬೇಕು. ಎಷ್ಟು ಇದೆ, ಯಾವತ್ತಿನದು ಎಂದು ನೋಡುವ ಹಕ್ಕು ಅವಳಿಗಿಲ್ಲ. ಊಟಕ್ಕೆ ಕೊಡುವಾಗ ಅವನ ಕೈ ಗಿಡ್ಡ. ಔಷಧಿಗೆ ಕೊಡುವಾಗ ಧಾರಾಳ, ಯಾಕೆಂದರೆ ಕೊಡುತ್ತಿದ್ದದ್ದು ಹುಳಿವಾಸನೆ ಹತ್ತಿದ ಹಳೆಯ ಬೆಣ್ಣೆ.

ಬೆಳಿಗ್ಗೆ ಒಂದು ಎಲೆ, ಸಂಜೆ ಒಂದು ಎಲೆ. ಅದರ ಮೇಲೆ ಬಿಗಿಯಾಗಿ ತಲೆವಸ್ತ್ರ. ಒಲೆಯ ಹೊಗೆ, ಗಡ್ಡೆ ಕೀಳುವಾಗಿನ ಮಣ್ಣು, ಎಲ್ಲ ಆ ಬೆಣ್ಣೆಗೆ ಅಂಟಿಕೊಂಡು ತಲೆಯ ಮೇಲೆ ಒಂದು ಹಳದಿ ಪದರ ಕಟ್ಟಿತು. ತುರಿಕೆ ಇಮ್ಮಡಿಯಾಯಿತು. ತುರಿಕೆ ಇಮ್ಮಡಿಯಾಯಿತೆಂದು ಹೆತ್ತಪ್ಪ ಬೆಣ್ಣೆಯನ್ನೂ ಇಮ್ಮಡಿ ಮಾಡಿದ. ನಾನು ಅತ್ತೆ. ಅತ್ತರೆ ಬೆಣ್ಣೆ ಕೆಲಸ ಮಾಡುತ್ತಿದೆ ಎಂದ. ಸುಮ್ಮನಿದ್ದರೆ ಬೆಣ್ಣೆ ಕೆಲಸ ಮಾಡಿದೆ ಎಂದ. ಇಂಥವನ ಹತ್ತಿರ ಏನು ಹೇಳುವುದು?

ನನಗೆ ಸುಖ ಕೊಟ್ಟದ್ದು ನಮ್ಮ ಬೆಕ್ಕೊಂದೇ. ಮಧ್ಯಾಹ್ನ ಬಿಸಿಲಿಗೆ ಜಗುಲಿಯಲ್ಲಿ ಮಲಗಿ ವಸ್ತ್ರ ಸರಿಸಿದರೆ ಅದು ಬಂದು ನೆತ್ತಿ ನೆಕ್ಕುತ್ತಿತ್ತು. ಅದರ ನಾಲಿಗೆ ಅರದ ಹಾಗೆ ಒರಟು. ಅಷ್ಟು ಹಿತ ನನಗೆ ಮುಂದೆ ಮದುವೆಯಲ್ಲೂ ಸಿಗಲಿಲ್ಲ. ಎರಡು ದಿನ ಕೆರೆದುಕೊಳ್ಳುವುದು ಕಡಿಮೆಯಾಯಿತು. ಮೂರನೆಯ ದಿನ ಹೆತ್ತಪ್ಪ ನೋಡಿಬಿಟ್ಟ. ನನಗೆ ಬೈಯಲಿಲ್ಲ. ತನ್ನ ಬೆಣ್ಣೆ ಕದ್ದಿತೆಂದು ಬೆಕ್ಕನ್ನು ಹೊಡೆದಟ್ಟಿದ. ಅವತ್ತೇ ತೀರ್ಪೂ ಆಯಿತು.

"ಬೆಣ್ಣೇದು ತಪ್ಪಿಲ್ಲ. ಕೂದಲಿಂದು ತಪ್ಪು. ಇಷ್ಟು ಕೂದಲಿದ್ರೆ ಬೆಣ್ಣೆ ಬುಡಕ್ಕೆ ಹೆಂಗೆ ಇಳಿದಾತು? ಬರೋ ಸೋಮವಾರ ಬೋಳಿಸಿಬಿಡ್ತೀನಿ."

"ಮಾಮ, ಹೆಣ್ಣು ಕೂಸು ಅಲ್ವಾ," ಎಂದಳು ಅವ್ವೆ ತನ್ನ ಮಾವನಿಗೆ, ಬಾಗಿಲ ಮರೆಯಿಂದ.

"ಕೂದಲು ಹುಲ್ಲಿದ್ದಂಗೆ. ಕುಯ್ದರೆ ಬೆಳೀತಾದೆ."

ನನ್ನ ಕೂದಲು ಸೊಂಟ ಮುಟ್ಟುತ್ತಿತ್ತು. ಹಟ್ಟಿಯಲ್ಲಿ ನನ್ನ ಓರಗೆಯ ಹುಡುಗಿಯರಿಗೆ ನನಗಿಂತ ಒಳ್ಳೆಯ ಮೂಗಿತ್ತು, ಬಣ್ಣವಿತ್ತು, ಲೆಕ್ಕ ಬರುತ್ತಿತ್ತು. ನನಗಿದ್ದದ್ದು ಕೂದಲು ಮಾತ್ರ. ಸುದ್ದಿ ಹರಡಿದ್ದೇ ತಡ, ಚಿಕ್ಕಪ್ಪನ ಮಗಳು ನನ್ನನ್ನು ಸುಲಿದ ಆಲೂಗಡ್ಡೆ ಎಂದು ಕರೆಯಲು ಶುರುಮಾಡಿದಳು. ಇನ್ನೂ ಬೋಳಿಸಿರಲಿಲ್ಲ, ಆಗಲೇ ಹೆಸರಿಟ್ಟಾಗಿತ್ತು. ಅವಳ ಜಡೆ ಹಿಡಿದು ಎಳೆದೆ. ಅವಳಿಗಿದ್ದದ್ದು ಒಂದು ಗೇಣು, ಎಳೆದರೂ ಸಮಾಧಾನವಾಗಲಿಲ್ಲ.

ಭಾನುವಾರ ಮಾಮಿ ಬಂದಳು. ಮಾಮಿ ಎಂದರೆ ಅವ್ವೆಯ ತಮ್ಮನ ಹೆಂಡತಿ. ಅವರು ಬೆಟ್ಟದ ಕೆಳಗೆ ಮಸಿನಗುಡಿ ಕಡೆ ಇದ್ದರು. ಅಲ್ಲಿ ಹಿಮವೂ ಇಲ್ಲ, ತಲೆಗೆ ನೀರು ಹಾಕಿಕೊಳ್ಳುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಘಾಟಿ ಹತ್ತಿ ಬಂದವಳ ಗಂಟಿನಲ್ಲಿ ಹುಣಸೆಹಣ್ಣು, ಸೀಗೆಕಾಯಿ. ಒಳಗೆ ಬಂದು ನನ್ನನ್ನು ತಬ್ಬಿಕೊಂಡವಳು ಹಾವು ಮುಟ್ಟಿದ ಹಾಗೆ ಹಿಂದೆ ಸರಿದಳು.

"ಅಕ್ಕಾ, ಇದೇನು ಮಂಡೆಯೋ, ತೊಳೀದೆ ಇಟ್ಟ ಬೆಣ್ಣೆ ಗಡಿಗೆಯೋ?"

ವಸ್ತ್ರ ಬಿಚ್ಚಿ, ಉಗುರಿನಲ್ಲಿ ಒಂದು ಕಡೆ ಗೀರಿ, ಬೆರಳನ್ನು ಅವ್ವೆಯ ಮುಖದ ಮುಂದೆ ಹಿಡಿದಳು. "ನೋಡು. ಇದ್ರ ಕೆಳಗೆ ಚರ್ಮಕ್ಕೆ ಉಸಿರೇ ಇಲ್ಲ. ಬೆಣ್ಣೆ ತಿಂದು ತುರಿಕೆ ಕೊಬ್ಬೈತೆ. ಇವತ್ತೇ ತೊಳಿಬೇಕು."

"ಹಿಮದಾಗಾ? ನಿಂಗೆ ಹುಚ್ಚಾ?" ಅವ್ವೆಯ ಮುಖ ಬಿಳಿಚಿತು. "ಮಾಮ ಒಪ್ಪೋದಿಲ್ಲ. ನಾನೂ ಒಪ್ಪೋದಿಲ್ಲ."

ಮಾಮಿ ಅವಳ ಕೈ ಹಿಡಿದುಕೊಂಡು ಪಕ್ಕ ಕೂತಳು. ಆಮೇಲೆ ನಡುಹಗಲು, ಬಿಸಿ ನೀರು, ಒಲೆ ಮುಂದೆ ಒಣಗಿಸುವುದು, ಒದ್ದೆ ಇರುವಷ್ಟು ಹೊತ್ತೂ ಹೊರಗೆ ಬಿಡದಿರುವುದು ಎಂದು ಮೆಲ್ಲಗೆ ಒಂದೊಂದೇ ಹೇಳಿದಳು. ಅವ್ವೆ ಬೇಡ ಎನ್ನಲಿಲ್ಲ. ಹೆತ್ತಪ್ಪ ಕೂತಿದ್ದ ಜಗುಲಿಯ ಕಡೆ ನೋಡಿದಳು ಅಷ್ಟೆ.

ಸೋಮವಾರ ನಡುಹಗಲು ಹೆತ್ತಪ್ಪ ಜಗುಲಿಯಲ್ಲಿ ಕೂತು ಕ್ಷೌರದ ಕತ್ತಿ ಮಸೆಯುತ್ತಿದ್ದ. ಮಾಮಿ ಸೆರಗು ಹೊದ್ದು, ತಲೆ ತಗ್ಗಿಸಿ, ಅವನಿಂದ ದೂರದಲ್ಲಿ ನಿಂತಳು. ಅಷ್ಟು ವಿನಯ ಅವಳಿಗೆ ಎಲ್ಲಿಂದ ಬಂತೋ.

"ಮಾಮ, ಒಂದು ಮಾತು. ಬೆಣ್ಣೆ ಮಂಡೆ ಮೇಲೆ ಕತ್ತಿ ನಿಲ್ಲೋದಿಲ್ಲ. ಜಾರಿ ಕಿವಿಗೆ ಬಿದ್ದಾತು. ನಿಮ್ಮ ಕೈ ತಪ್ಪು ಅಂತ ಹಟ್ಟಿಯೋರು ಆಡ್ಕೊಂಡಾರು."

ಹೆತ್ತಪ್ಪ ಕತ್ತಿ ನೋಡಿದ. ನನ್ನ ಕಿವಿ ನೋಡಿದ. "ನೀರು ಕಾಯಿಸಿ," ಎಂದ. ತೊಳೆಯಿರಿ ಎಂದು ಅವನೇ ಹೇಳಿದ, ಅವನ ಬಾಯಿಂದಲೇ!

ಮೂರು ಸಲ ತೊಳೆದರು. ಮಾಮಿ ಸೀಗೆಪುಡಿ ಕಲಸಿ ತಿಕ್ಕಿದಳು, ಅವ್ವೆ ನೀರು ಹುಯ್ದಳು. ಮೊದಲನೆಯ ನೀರು ಕೊಚ್ಚೆಯ ಹಾಗೆ ಇಳಿಯಿತು, ಎರಡನೆಯದು ಮಜ್ಜಿಗೆಯ ಹಾಗೆ. ಸೀಗೆ ಕಣ್ಣಿಗೆ ಹೋಗಿ ಉರಿದರೂ ನಾನು ಕಮಕ್ ಕಿಮಕ್ ಅನ್ನಲಿಲ್ಲ. ಮೂರನೆಯ ನೀರು ಬೀಳುವಾಗ ತಲೆ ಎಂಬುದೊಂದು ನನ್ನ ಮೈಮೇಲೆ ಇದೆಯೆನ್ನುವುದೇ ಮರೆತುಹೋಯಿತು. ತಿಂಗಳಿಗೂ ಮೇಲಾಗಿತ್ತು ಅಂಥ ಮರೆವು ಸಿಕ್ಕಿ.

ಒಲೆ ಮುಂದೆ ಒಣಗಿಸಿ, ಅವ್ವೆ ನಾಲ್ಕು ಸಲ ಹಣೆ ಮುಟ್ಟಿ ನೋಡಿದ ಮೇಲೆ, ಇಬ್ಬರೂ ನನ್ನನ್ನು ಹೊರಗೆ ಕರೆತಂದರು. ಹೆತ್ತಪ್ಪ ಕತ್ತಿ ಹಿಡಿದು ಕಾಯುತ್ತಿದ್ದ.

"ಮಾಮ, ಬೆಳಗಿನಿಂದ ಕೂಸು ಕೆರ್ಕೊಂಡಿಲ್ಲ," ಎಂದಳು ಮಾಮಿ. ಅದು ಸುಳ್ಳು. ತೊಳೆದ ಮೇಲೆ ಕೆರೆದುಕೊಂಡಿರಲಿಲ್ಲ, ಅಷ್ಟೆ.

"ಹೌದಾ? ಕೂರು ಇಲ್ಲಿ."

ಎದುರಿಗೆ ಕೂರಿಸಿಕೊಂಡು ನೋಡುತ್ತಾ ಕೂತ. ತುರಿಕೆ ಇರಲಿಲ್ಲ. ಆದರೆ ಒಬ್ಬರು ಕತ್ತಿ ಹಿಡಿದು, ಕೆರೆದುಕೊಳ್ಳುತ್ತಾಳಾ ಎಂದು ನೋಡುತ್ತಿದ್ದರೆ ಯಾರಿಗೆ ತುರಿಸುವುದಿಲ್ಲ? ಕಿವಿಯ ಹಿಂದೆ ಏನೋ ಹರಿದ ಹಾಗಾಯಿತು. ಕೈಗಳನ್ನು ತೊಡೆಯ ಕೆಳಗೆ ಅದುಮಿಟ್ಟುಕೊಂಡು ಕೂತೆ. ಎದುರು ಗುಡ್ಡದ ನೆರಳು ನಮ್ಮ ಹೊಲ ದಾಟಿ ಅಂಗಳದ ಬೇಲಿಗೆ ಬಂತು.

ಕೊನೆಗೆ ಅವನು ನನ್ನ ನೆತ್ತಿ ಬಗೆದು ನೋಡಿದ. ಮೂಗಿನ ಹತ್ತಿರ ತಂದು ಮೂಸಿದ. "ಹೊಟ್ಟಿಲ್ಲ," ಎಂದ. ನನಗೆ ವಾಸಿಯಾದದ್ದಕ್ಕಿಂತ ಅದು ಯಾರಿಂದ ಆಯಿತು ಎನ್ನುವುದೇ ಅವನಿಗೆ ಮುಖ್ಯ. ಕತ್ತಿ ಇನ್ನೂ ಬಿಚ್ಚಿಯೇ ಇತ್ತು.

"ಯಾತರಿಂದ ವಾಸಿ ಆಯ್ತು? ಹೇಳು ಕೂಸೇ."

ಮಾಮಿ ನನ್ನ ಮುಖ ನೋಡಿದಳು. ಘಾಟಿ ಹತ್ತಿ ಬಂದು, ಬೆರಳು ಸವೆಸಿ ತಿಕ್ಕಿದವಳು ಅವಳು. ಸೀಗೆಯಿಂದ, ನೀರಿನಿಂದ, ಮಾಮಿಯಿಂದ ಎನ್ನುವುದು ನಾಲಿಗೆಯ ತುದಿಯಲ್ಲೇ ಇತ್ತು. ಕತ್ತಿ ಬಿಸಿಲಿಗೆ ಮಿಂಚಿತು.

"ಬೆಣ್ಣೆಯಿಂದ, ಹೆತ್ತಪ್ಪ."

ಮಾಮಿ ನಗು ತಡೆಯಲಾರದೆ ಸೆರಗನ್ನು ಬಾಯಿಗೆ ತುರುಕಿಕೊಂಡು ಒಳಗೆ ಓಡಿದಳು. ಹೆತ್ತಪ್ಪ ಕತ್ತಿ ಮಡಚಿದ. "ನಾನು ಹೇಳಲಿಲ್ವಾ? ಸ್ವಲ್ಪ ತಡ ಆಯ್ತು, ಅಷ್ಟೇ," ಎಂದ. ಅಷ್ಟಕ್ಕೇ ಬಿಡಲಿಲ್ಲ. ಹಿಗ್ಗಿನಲ್ಲಿ ಹಾಗೊಟ್ಟಿಗೆ ಹೋಗಿ ಬಂದು, ಒಂದು ಎಲೆ ಬೆಣ್ಣೆಯನ್ನು ಅವ್ವೆಯ ಮುಂದೆ ಇಟ್ಟ. ಈ ಸಲ ಹೊಸದು, ಬೆಳ್ಳಗೆ, ಅವತ್ತು ಕಡೆದದ್ದು.

"ಮತ್ತೆ ಬರದ ಹಂಗೆ ದಿನಾ ಇಡಿ."

ಅವ್ವೆ ಎಲೆ ಎತ್ತಿಕೊಂಡಳು. ಆಗಲಿ ಮಾಮ ಎಂದಳು. ಒಳಗೆ ಬಂದು ಅದನ್ನು ಮೂರು ಪಾಲು ಮಾಡಿ ಮೂವರ ಬಿಸಿ ರಾಗಿಮುದ್ದೆಯ ಮೇಲೆ ಇಟ್ಟಳು. ನಾವು ಒಲೆಯ ಮುಂದೆ ಕೂತು ಸದ್ದಿಲ್ಲದೆ ತಿಂದೆವು.