ಚೀಟಿ ಎತ್ತಿ ಗೆದ್ದ ವಾದ

ಶಹಾಪುರದಿಂದ ಯಾದಗಿರಿಗೆ ಹೊರಟ ಬಸ್ಸಿನಲ್ಲಿ, ಪಕ್ಕದಲ್ಲಿ ಕೂತಿದ್ದ ಚಿಕ್ಕಪ್ಪನ ಮಗಳು ಸಾವಿತ್ರಿ ಇದ್ದಕ್ಕಿದ್ದಂತೆ ನನ್ನ ಭುಜದ ಮೇಲೆ ಕುಸಿದಳು. ಕೈ ತಣ್ಣಗಿತ್ತು, ಮೈಯೆಲ್ಲ ಬೆವರು. ನೀರು ಚಿಮುಕಿಸಿದ ಮೇಲೆ ಕಣ್ಣು ಬಿಟ್ಟಳು. ಏನಾದರೂ ತಿನ್ನಿಸೋಣವೆಂದು ಅವಳ ಡಬ್ಬಿ ತೆರೆದರೆ ಒಳಗೆ ನಾಲ್ಕು ಹೋಳು ಸೌತೆಕಾಯಿ, ಅಷ್ಟೇ.

ಹಿಂದಿನ ಸೀಟಿನ ಅಜ್ಜಿಯೊಬ್ಬರು ತಮ್ಮ ಗಂಟು ಬಿಚ್ಚಿ ರೊಟ್ಟಿ, ಬ್ಯಾಳಿ ಪಲ್ಯ ಕೊಟ್ಟರು. ತೆಳ್ಳಗಾಗಲು ರೊಟ್ಟಿ ಬಿಟ್ಟಿದ್ದೇನೆಂದು ಸಾವಿತ್ರಿ ಅದನ್ನು ಪಕ್ಕಕ್ಕೆ ಸರಿಸಿದಳು. “ತೆಳ್ಳಗಾಗೂದಿದ್ರ ಒಂದ್ ರೊಟ್ಟಿ ಕಡಿಮಿ ತಿನ್ನು, ಪಲ್ಯ ಜಾಸ್ತಿ ಹಚ್ಕೋ. ಹಿಂಗ ಉಪಾಸ ಬಿದ್ದು ಸಾಯ್ತಿಯೇನವ್ವಾ?”

ನನಗೋ ಸಿಟ್ಟು. “ರೊಟ್ಟಿ ಬಿಡು ಅಂತ ಯಾವ ಶಾಣ್ಯಾ ಹೇಳ್ಯಾನ ನಿನಗ?”

“ನೀನ ಹೇಳೀಯಲ್ಲಕ್ಕಾ, ಸ್ಟೇಜ್ ಮ್ಯಾಲ. ಗೆದ್ದಿ ಅಂತ ಕಪ್ಪೂ ಕೊಟ್ರಲ್ಲ.”

ಹೋದ ತಿಂಗಳು ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ‘ಬೊಜ್ಜು ಕರಗಿಸಲು ರೊಟ್ಟಿ, ಅನ್ನ ಪೂರ್ತಿ ಬಿಡಬೇಕು’ ಎಂಬ ವಿಷಯಕ್ಕೆ ಚೀಟಿ ಎತ್ತಿದಾಗ ನನಗೆ ‘ಪರ’ ಬಂದಿತ್ತು. ಆ ಮಾತಿನಲ್ಲಿ ನನಗೆ ನಂಬಿಕೆಯೇ ಇರಲಿಲ್ಲ. ಆದರೂ ಎದುರಾಳಿಯ ಒಂದೊಂದು ವಾದವನ್ನೂ ಕತ್ತರಿಸಿ ಹಾಕಿದ್ದೆ. ಮುಂದಿನ ಸಾಲಿನಲ್ಲಿ ಕೂತು ಜೋರಾಗಿ ಚಪ್ಪಾಳೆ ತಟ್ಟಿದವಳು ಸಾವಿತ್ರಿ. ಆ ಸಂಜೆ ಮನೆಯಲ್ಲಿ ನಾನು ನಾಲ್ಕು ರೊಟ್ಟಿ ಉಂಡಿದ್ದೆ.

ಅವಳಿಗೆ ರೊಟ್ಟಿ ಬಿಡಿಸಲು ನನಗೆ ಐದು ನಿಮಿಷ ಸಾಕಾಗಿತ್ತು. ಮತ್ತೆ ತಿನ್ನಿಸಲು, ಆ ಬಸ್ಸಿಳಿದ ಮೇಲೆ, ಹದಿನೈದು ದಿನದಿಂದ ವಾದಿಸುತ್ತಿದ್ದೇನೆ. ತಟ್ಟೆಯ ಮುಂದೆ ಕೂತು ಅವಳು ನನ್ನ ಭಾಷಣದ ಸಾಲುಗಳನ್ನೇ ನನಗೆ ತಿರುಗಿಸಿ ಹೇಳುತ್ತಾಳೆ. ಯಾರಿಂದಲೂ ಉತ್ತರ ಕೊಡಲಾಗದಂತೆ ಅವನ್ನು ಬರೆದವಳು ನಾನೇ.