ಕಾಕಿಯ ಅಭಿಪ್ರಾಯ

ನಾಗಮ್ಮ ಕಾಕಿ, ಅಂದು ಟಿವಿಯಲ್ಲಿ ನಾನು ಹೇಳಿದ ಮಾತು ನನ್ನದಲ್ಲ, ನಿನ್ನದು. ಕದ್ದವನು ನಾನು. ಕ್ಯಾಮೆರಾ ಕಂಡು ನೀನು ಅಂಜಿದೆ ಎಂದು ಕಮಲಾಪುರದ ತುಂಬ ಹೇಳಿಕೊಂಡು ತಿರುಗಿದವನೂ ನಾನೇ. ನೀನು ಅಂಜಿರಲಿಲ್ಲ —

ಆಗ ನಾನು ಯಾರ ದನಿಯನ್ನೂ ಬಿಡುತ್ತಿರಲಿಲ್ಲ. ಬಸ್ ಕಂಡಕ್ಟರ್, ಅಪ್ಪನ ಕೆಮ್ಮು, ಪರೀಕ್ಷೆಯಲ್ಲಿ ನಪಾಸಾದಾಗಿನ ನನ್ನದೇ ಅಳು — ಎಲ್ಲವನ್ನೂ ಮಾಡಿ ತೋರಿಸುತ್ತಿದ್ದೆ. ಅಳು ಬಹಳ ಚೆನ್ನಾಗಿ ಬರುತ್ತಿತ್ತು, ರೂಢಿಯಿತ್ತು.

ನಮ್ಮ ಓಣಿಯಲ್ಲಿ ಟಿವಿ ಇದ್ದದ್ದು ಬಸಣ್ಣ ಮಾಸ್ತರರ ಮನೆಯಲ್ಲಿ ಮಾತ್ರ. ವಾರಕ್ಕೊಮ್ಮೆ ಸಂಜೆ ಆ ನಗೆ ಧಾರಾವಾಹಿ: ಒಂದು ಮನೆ, ಅತ್ತೆ, ಮಾವ, ಸೊಸೆಯರು, ಬಂದು ಠಿಕಾಣಿ ಹೂಡಿದ ಅಳಿಯ. ಮಕ್ಕಳಿಂದ ಮುದುಕರವರೆಗೆ ಒಂದೇ ಜಮಖಾನೆಯ ಮೇಲೆ ಕೂತು ಮುಜುಗರವಿಲ್ಲದೆ ನೋಡುವಂಥದ್ದು. ಮಾಸ್ತರರದು ಒಂದು ಕಾನೂನಿತ್ತು — ಅಭಿಪ್ರಾಯ ಹೇಳದೆ ಯಾರೂ ಹೊಸ್ತಿಲು ದಾಟುವಂತಿಲ್ಲ. ಮುಗಿದದ್ದೇ ಬಾಗಿಲಿಗೆ ಕುರ್ಚಿ ಹಾಕಿ ಕೂಡುತ್ತಿದ್ದರು.

"ಪುಕ್ಕಟ ನೋಡೀರಿ, ಈಗ ಬಾಯಿ ಬಿಡ್ರಿ."

"ಆ ಅಳಿಯ ಥೇಟ್ ನಮ್ಮ ಅಳಿಯನಂಗ ಅದಾನ್ರೀ," ಎಂದು ಒಬ್ಬರು. ಅವರ ಅಳಿಯ ಪಕ್ಕದಲ್ಲೇ ಕೂತಿರುತ್ತಿದ್ದ. ನಾನು ಎಲ್ಲರ ಅಭಿಪ್ರಾಯವನ್ನೂ ಅವರವರ ದನಿಯಲ್ಲಿ ಮತ್ತೊಮ್ಮೆ ಹೇಳಿ ಪಾರಾಗುತ್ತಿದ್ದೆ.

ನೀನು ಬಾಳೆಹಣ್ಣಿನ ಬುಟ್ಟಿ ಖಾಲಿ ಮಾಡಿ ಬಂದು, ಗೋಡೆಗೆ ಒರಗಿ, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದೆ. ಆಮೇಲೆ ಮುಖ ಸಣ್ಣದು ಮಾಡಿಕೊಂಡು ಪ್ರತಿ ವಾರ ಅದೇ ಮಾತು —

"ಎಲ್ಲಾ ಚಂದ ಅದರೀ ಮಾಸ್ತರ. ಆದ್ರ ಆ ಮನ್ಯಾಗ ಯಾರೂ ಉಣ್ಣಂಗಿಲ್ಲ ನೋಡ್ರಿ. ನೀಡ್ತಾರ, ಜಗಳಾಡಿ ಎದ್ದು ಹೋಗ್ತಾರ. ರೊಟ್ಟಿ ಆರಿ ಹೋಗ್ತಾವ. ಒಂದು ದಿನಾ ಎಲ್ಲಾರೂ ಕೂಡಿ ಕುಂತು ಉಂಡದ್ದು ತೋರಸ್ರಿ ಅಂತ ಹೇಳ್ರಿ ಅವರಿಗಿ."

ಗಂಡ ಹೋದ ಮೇಲೆ ಒಲೆಯ ಮುಂದೆ ಒಬ್ಬಳೇ ಉಣ್ಣುತ್ತಿದ್ದವಳು ನೀನು. ನನಗೆ ಗೊತ್ತಿತ್ತು. ಗೊತ್ತಿದ್ದೂ —

ನೋಡುಗರ ಅಭಿಪ್ರಾಯ ಚಿತ್ರೀಕರಿಸಲು ಟಿವಿಯವರು ಕಲಬುರಗಿಗೆ ಬಂದಾಗ ಮಾಸ್ತರರು ನಿನ್ನನ್ನೇ ಆರಿಸಿದರು. ದಾರಿ ತೋರಿಸಲು ನನ್ನನ್ನು ಜೊತೆಗೆ ಕಳಿಸಿದರು. ಬಸ್ಸಿನಲ್ಲಿ ನೀನು ಆ ಮಾತನ್ನು ಬಾಯಿಪಾಠ ಮಾಡುತ್ತಲೇ ಇದ್ದೆ.

"ಹಿಂಗ ಹೇಳಿದ್ರ ನಡೀತದೇನೋ ತಮ್ಮಾ?"

"ನಡೀತದ ಕಾಕಿ. ಮುಂದಿನ ವಾರ ಅವರೆಲ್ಲಾ ನಿನಗ ಅಂಜಿ ಉಣ್ತಾರ ನೋಡು."

ನೀನು ನಕ್ಕು ನನ್ನ ತಲೆಗೆ ಮೊಟಕಿದೆ.

ಐವಾನ್-ಎ-ಶಾಹಿ ಅತಿಥಿಗೃಹದ ಹತ್ತಿರ ಬೇವಿನ ಮರದ ಕೆಳಗೆ ಸಾಲು. ನಾನು ನಿನ್ನ ಮುಂದೆ. ಮೈಕು ಬಾಯಿಗೆ ಬಂದಾಗ ನನ್ನ ಹತ್ತಿರ ಅಭಿಪ್ರಾಯವೇ ಇರಲಿಲ್ಲ, ಬರೀ ಬೇರೆಯವರ ದನಿಗಳು. ಹೆಗಲ ಮೇಲಿನ ಟವೆಲನ್ನು ಸೆರಗಿನಂತೆ ತಲೆಗೆ ಹೊದ್ದೆ, ಮುಖ ಸಣ್ಣದು ಮಾಡಿದೆ, ನಿನ್ನ ಮಾತನ್ನು ಒಂದಕ್ಷರ ಬಿಡದೆ ಹೇಳಿದೆ. "ರೊಟ್ಟಿ ಆರಿ ಹೋಗ್ತಾವ" ಎಂದದ್ದಕ್ಕೆ ಸಾಲೆಲ್ಲ ನಕ್ಕಿತು. ಕ್ಯಾಮೆರಾದವನೂ ನಕ್ಕ. ನೀನು ಬೇಡಿಕೊಂಡದ್ದನ್ನು ನಾನು ನಗೆಪಾಟಲು ಮಾಡಿದ್ದೆ.

ನಿನ್ನ ಸರದಿ ಬಂತು. ನೀನು ಮೈಕನ್ನು ನೋಡಿದೆ, ನನ್ನನ್ನು ನೋಡಿದೆ.

"ನಂದೇನಿಲ್ಲರೀ. ಹುಡುಗ ಹೇಳ್ಯಾನಲ್ಲ."

ಊರಿಗೆ ಬಂದು, "ಕಾಕಿ ಅಂಜಿಬಿಟ್ಟಳ್ರೀ, ಅದಕ್ಕ ನಾನೇ ಸಂಭಾಳಿಸಿದೆ" ಎಂದೆ. ನೀನು ಅಲ್ಲೇ ನಿಂತಿದ್ದೆ. ಇಲ್ಲ ಎನ್ನಲಿಲ್ಲ.

ನಾನು ಟಿವಿಯಲ್ಲಿ ಬಂದ ಸಂಜೆ ಮಾಸ್ತರರ ಮನೆ ನಕ್ಕು ನಕ್ಕು ಬಿದ್ದಿತು. ನೀನು ಗೋಡೆಗೆ ಒರಗಿ ನೋಡಿದೆ. ಬಾಗಿಲಲ್ಲಿ ಮಾಸ್ತರರು ಅಭಿಪ್ರಾಯ ಕೇಳಿದರೆ, "ಚಲೋ ಅದರೀ" ಎಂದು ಹೊರಟುಹೋದೆ. ಆಮೇಲೆ ಪ್ರತಿ ವಾರವೂ ಅಷ್ಟೇ — ಚಲೋ ಅದರೀ. ಧಾರಾವಾಹಿ ಮುಗಿಯಿತು. ಆ ಮನೆಯವರು ಒಮ್ಮೆಯೂ ಕೂತು ಉಣ್ಣಲಿಲ್ಲ.

ಈಗ ಮನೆಗೊಂದು ಟಿವಿ, ಅಭಿಪ್ರಾಯ ಕೇಳುವವರಿಲ್ಲ. ನಾನು ಕಲಬುರಗಿಯ ಮದುವೆಗಳಲ್ಲಿ ಮಿಮಿಕ್ರಿ ಮಾಡುತ್ತೇನೆ. ಜನ "ರೊಟ್ಟಿ ಕಾಕಿ" ಮಾಡು ಎಂದು ಕೂಗುತ್ತಾರೆ. ಇಷ್ಟು ವರ್ಷ ಮಾಡಿದ್ದೇನೆ. ಮೊನ್ನೆ ಮಾತ್ರ, ಪಂಕ್ತಿಯಲ್ಲಿ ಎಲ್ಲರೂ ಕೂಡಿ ಕೂತು ಉಣ್ಣುವುದು ಕಂಡು, ಟವೆಲ್ ತಲೆಗೇರಿಸಿ ನಿಂತವನಿಗೆ ದನಿಯೇ ಹೊರಡಲಿಲ್ಲ.

ಈ ಭಾನುವಾರ ಕಮಲಾಪುರಕ್ಕೆ ಬರುತ್ತೇನೆ. ಮೊದಲು ಮಾಸ್ತರರ ಹೊಸ್ತಿಲಲ್ಲಿ ನಿಂತು, ಓಣಿಯವರ ಮುಂದೆ, ಅಂದು ಆದದ್ದನ್ನು ಹೇಳುತ್ತೇನೆ — ನನ್ನದೇ ದನಿಯಲ್ಲಿ, ಅದು ಹೇಗಿದೆಯೋ ಹಾಗೆ. ಆಮೇಲೆ ನಿನ್ನ ಒಲೆಯ ಮುಂದೆ ಬಂದು ಕೂಡುತ್ತೇನೆ. ನೀಡಿದರೆ ರೊಟ್ಟಿ ಆರುವ ಮೊದಲು ಉಣ್ಣುತ್ತೇನೆ. ನೀಡದಿದ್ದರೂ, ಕಾಕಿ, ಎದ್ದು ಹೋಗುವುದಿಲ್ಲ.